ಇಳಿತದ ಹೊತ್ತಿಗೆ ಎರಡು ಎಕರೆ

ಒಂಬತ್ತಕ್ಕೇ ಬಂದಿದ್ದೆ, ನಕ್ಷೆ, ಸರಪಳಿ,
ಸಹಾಯಕ ದೇವು ಸಮೇತ.
ಸುಂಕೇರಿ ದಾಟಿ ಕಡವಾಡದ ಗಜನಿ ಒಡ್ಡಿನ ಮೇಲೆ ನಿಂತು
ಸರ್ವೆ ನಂಬರು ಹುಡುಕಿದರೆ
ಕಂಡದ್ದು ಕಾಳಿ ನದಿ,
ಎರಡು ಬೆಳ್ಳಕ್ಕಿ, ಒಂದು ದೋಣಿ.

ಆದೇಶ ಸ್ಪಷ್ಟವಾಗಿದೆ:
ಮಾಜಿ ಸೈನಿಕರ ಕೋಟಾದಡಿ, ಮೃತ ಹವಾಲ್ದಾರ
ಸೋಯ್ರು ಬಾಬು ಕೊಠಾರಕರ ಇವರ ಪತ್ನಿ ಮಾಣಕಿಗೆ
ಎರಡು ಎಕರೆ, ಖುಷ್ಕಿ.
ಅರ್ಜಿ ಹಾಕಿದ್ದು ಅವರೇ. ಸಹಿ ಬೀಳುವಾಗ
ಅವರು ಹೋಗಿ ಆರು ವರ್ಷ.

"ಕೂತ್ಕೊಳ್ಳಿ ಸಾಹೇಬ್ರೆ, ಹನ್ನೊಂದೂವರೆಗೆ ಬರ್ತದೆ," ಅಂದಳು.
ಯಾರು?
"ಜಾಗ."

ಕೂತೆವು. ದೇವು ಬೀಡಿ ಹಚ್ಚಿದ.
ಮರುಭೂಮಿಯಲ್ಲಿದ್ದಾಗ ಅವರಿಗೆ ಕಂಬ ಕಾಯುವ ಕೆಲಸವಂತೆ.
ಗಾಳಿ ಎದ್ದ ರಾತ್ರಿ ಗಡಿಯ ಕಂಬ ಮರಳಲ್ಲಿ ಹೂತು
ಬೆಳಗಾದರೆ ಎಲ್ಲಿತ್ತೆಂದೇ ತಿಳಿಯದೆ
ಸಲಿಕೆ ಹಿಡಿದು ದೇಶ ಹುಡುಕುತ್ತಿದ್ದರಂತೆ.
ಕಾಗದದಲ್ಲಿ ಬರೆದಿದ್ದರು. ನಗಾಡಿಕೊಂಡೇ ಬರೆದಿದ್ದರು.

ಮೊದಲು ಕಾಂಡ್ಲಾದ ಬೇರು ಕಂಡವು,
ಆಮೇಲೆ ಕೆಸರಿನ ಬೆನ್ನು,
ಆಮೇಲೆ ಚಿಪ್ಪು ಹತ್ತಿ ಬೆಳ್ಳಗಾದ ಗಡಿಕಲ್ಲು.
ಕಲ್ಲಿನ ಮೇಲೊಂದು ಏಡಿ,
ನಮಗಿಂತ ಮೊದಲೇ ಹಾಜರು.

ಅವಳು ಸೀರೆ ಎತ್ತಿಕಟ್ಟಿ ಇಳಿದಳು.
ಕಾಲ ಹೆಬ್ಬೆರಳಿಂದ ಕೆಸರನ್ನು ಮುಟ್ಟಿ ಮುಟ್ಟಿ ಕೇಳಿ
ಬಗ್ಗಿ ತೆಗೆದಳು ಒಂದು ಬಳಚು. ಇನ್ನೊಂದು.
ನಾವು ಅಳೆದೆವು. ಸರಪಳಿ ಹೂತಿತು, ದೇವು ಮೊಣಕಾಲಿನವರೆಗೆ ಹೂತ,
ಲೆಕ್ಕ ಮಾತ್ರ ಸರಿಯಾಗಿಯೇ ಬಂತು:
ಎರಡು ಎಕರೆ. ಒಂದು ಗುಂಟೆ ಹೆಚ್ಚೇ.

ಪೂರ್ವಕ್ಕೆ ನೀರು. ಪಶ್ಚಿಮಕ್ಕೆ ನೀರು.
ಉತ್ತರಕ್ಕೆ ಕಾಂಡ್ಲಾ, ಅಂದರೆ ಅರಣ್ಯ ಇಲಾಖೆ.
ದಕ್ಷಿಣಕ್ಕೆ ಒಡ್ಡು, ಅದರ ಮೇಲೆ ನನ್ನ ಬೈಕು.
ಬೆಳೆಯ ಕಾಲಮ್ಮಿನಲ್ಲಿ ಭತ್ತ ಇದೆ, ತೆಂಗು ಇದೆ, ಪಾಳು ಇದೆ.
ಬಳಚು ಇಲ್ಲ.

"ಬದಲಿ ಜಾಗಕ್ಕೆ ಬರೆದುಕೊಡ್ತೇನೆ," ಅಂದೆ,
"ಸೈನಿಕ ಕಲ್ಯಾಣ ಕಚೇರಿಯವರೂ ಶಿಫಾರಸು ಮಾಡ್ತಾರೆ."
ಅವಳು ಬುಟ್ಟಿ ಕೆಳಗಿಡಲಿಲ್ಲ.
"ಬ್ಯಾಡ. ಮುಳುಗ್ತದೆ ಅಂತ ಬರೆದ್ರೆ ಇದನ್ನ ತಕ್ಕೊಂಡು ಹೋಗ್ತಾರೆ.
ಇನ್ನೊಂದು ಬರೋದು ಯಾವಾಗ? ನಂಗೆ ಎಪ್ಪತ್ತೊಂದು.
ಇದು ದಿನಕ್ಕೆ ಎರಡು ಸಲ ಬರೋ ಜಾಗ.
ಸರ್ಕಾರ ಹಾಂಗೆ ಬರ್ತದಾ?"

ಒಡ್ಡಿನ ಮೇಲೆ ಕೂತು ಪಂಚನಾಮೆ ಬರೆದೆ.
ತೊಡೆಯೇ ಮೇಜು. ಅವಳು ಕೈ ಒರೆಸಿಕೊಂಡು
ಮಾಣಕಿ ಎಂದು ಬರೆಯುವಷ್ಟರಲ್ಲಿ
ನೀರು ಕಲ್ಲಿನ ಕೊರಳಿಗೆ ಬಂದಿತ್ತು,
ಏಡಿ ಹೋಗಿತ್ತು, ದೇವು ಗಾಡಿ ಸ್ಟಾರ್ಟ್ ಮಾಡಿದ್ದ.

ಸುಳ್ಳು ಬರೆಯಲಿಲ್ಲ ನಾನು:
ಸಮಯ ಹನ್ನೆರಡು ಇಪ್ಪತ್ತು. ತನಿಖೆಯ ಕಾಲಕ್ಕೆ
ಸದರಿ ಜಮೀನು ಸ್ಥಳದಲ್ಲೇ ಇತ್ತು.