ಸುಂಕದ ಕಟ್ಟೆ

ಹೆಸರಿಗೆ ನಗರ. ಬಸ್ಸಿಳಿದರೆ
ಎರಡು ಹೋಟೆಲು, ಒಂದು ಸೊಸೈಟಿ, ಕಾಂಪೌಂಡಿನ ಮೇಲೊಂದು ಮೇಕೆ.
ಒಂದು ಕಾಲಕ್ಕೆ ಇಲ್ಲಿ ಲಕ್ಷ ಮನೆ ಇದ್ದುವಂತೆ.
ಎಲ್ಲಿ ಹೋದುವು ಎಂದು ಕೇಳಿದಳು ಇಂಚರ,
ನನ್ನ ತಂಗಿಯ ಮೊಮ್ಮಗಳು, ಒಂಬತ್ತು ವರ್ಷ.
ಕೆಳಗೆ, ಎಂದೆ. ಸುಳ್ಳೇನಲ್ಲ,
ಬೋರ್ಡಿನ ಬಾಣವೂ ನೆಲದ ಕಡೆಗೇ ಇತ್ತು.

ಮೂವತ್ತೆಂಟು ಮೆಟ್ಟಿಲು. ಮಂಡಿ ಲೆಕ್ಕ ಇಟ್ಟಿತು.
ಗೋಡೆಗೆ ಕೈ ಊರಿದರೆ ಜಂಬಿಟ್ಟಿಗೆಯ ತಂಪು,
ಅದರ ಹಿಂದೆ ಎಲ್ಲೋ ಯಂತ್ರದ ಗುಂಯ್.
ಬಾಗಿಲಲ್ಲೊಂದು ಮಡಕೆ. ಕೈ ಹಾಕಿ, ಒಬ್ಬೊಬ್ಬರಿಗೆ ಒಂದು ಬಿಲ್ಲೆ,
ಒಳಗಿರುವಷ್ಟು ಹೊತ್ತು ನೀವು ಅವರೇ, ಎಂದ
ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಮುನೀರ.
ಇಂಚರಳಿಗೆ ಗಾಣದವನ ಬಿಲ್ಲೆ.
ನನಗೆ: ಉಪ್ಪಿನ ಹೇರಿನವಳು, ಘಟ್ಟದ ಕೆಳಗಿನವಳು.
'ಅಜ್ಜ ಹೆಂಗಸು!' ಎಂದವಳು ಕೂಗಿದ್ದು
ಮೂರು ಕೋಣೆ ಸುತ್ತಿ ನಮ್ಮ ಹತ್ತಿರಕ್ಕೇ ಬಂತು.

ಗೂಟ ತಳ್ಳಿದರೆ ಗಾಣ ಕಿರ್ರೆನ್ನುತ್ತದೆ, ಎಣ್ಣೆ ಇಲ್ಲ.
ಡ್ರಾಯರು ಎಳೆದರೆ ವಾಸನೆ: ಕಾಳುಮೆಣಸು, ಲೋಬಾನ,
ಮೂರನೆಯದು ಕುದುರೆ ಲದ್ದಿ; ಅದನ್ನೇ ಅವಳು ಹತ್ತು ಸಲ ಎಳೆದಳು.
ತೂತಿನ ಬಟ್ಟಲು ನೀರಲ್ಲಿ ಮುಳುಗಿದರೆ ಒಂದು ಗಳಿಗೆ. ಟಣ್.
ನೇಕಾರನ ಕುಣಿಯಲ್ಲಿ ಕಾಲು ಇಳಿಬಿಟ್ಟು
ಯಾರದೋ ಹೊಸ ಸೊಸೆ ಫೋಟೋ ತೆಗೆಸಿಕೊಳ್ಳುತ್ತಿದ್ದಳು.

ಕೊನೆಯ ತಿರುವಿನಲ್ಲಿ ಸುಂಕದ ಕಟ್ಟೆ.
ದಿಂಬಿಗೊರಗಿ ಕೂತಿದ್ದಾನೆ, ಕಿವಿಗೆ ಸಿಕ್ಕಿಸಿದ ಕಂಟ,
ಗಾಜಿನಾಚೆ ಬೆಳಕಿನಲ್ಲೇ ಮಾಡಿದ ಮೈ.
ಹೊಟ್ಟೆ ಮಾತ್ರ ನನ್ನದೇ.
ಇಪ್ಪತ್ತಾರು ವರ್ಷ ಹುಲಿಕಲ್ ಘಾಟಿಯ ನೆತ್ತಿಯಲ್ಲಿ
ಕೆಂಪು ಬಿಳಿ ಬಿದಿರು ಎತ್ತಿ ಇಳಿಸಿದವನು ನಾನು.
'ಎಲ್ಲಿಂದ? ಹೇರಿನಲ್ಲೇನು? ಬಾಯಿಬಿಟ್ಟು ಹೇಳು.'
ನಿದ್ದೆಗೆಟ್ಟ ದನಿ. ಯಾರೋ ಕಷ್ಟಪಟ್ಟು ಅಭ್ಯಾಸ ಮಾಡಿದ್ದಾರೆ.
ನನಗದು ತಾನಾಗಿ ಬಂದುಬಿಟ್ಟಿತ್ತು.

ಉಪ್ಪು ಎಂದಿದ್ದರೆ ಮುಗಿಯುತ್ತಿತ್ತು.
'ಗಂಗೊಳ್ಳಿಯಿಂದ,' ಎಂದೆ. 'ಬಂಗುಡೆ, ಒಂಬತ್ತು ಬುಟ್ಟಿ.
ರಾತ್ರಿ ಹನ್ನೊಂದೂವರೆ. ಟೆಂಪೋ ಕಾಗದದಲ್ಲಿ ಒಂದು ಸೀಲು ಕಮ್ಮಿ.
ಹೆಸರು ಗುಲಾಬಿ.'
'ತಿಳಿಯಲಿಲ್ಲ. ಮತ್ತೊಮ್ಮೆ ಹೇಳು.'

'ಅವಳೂ ಮತ್ತೊಮ್ಮೆ ಹೇಳಿದಳು. ಬೆಳಗಿನ ಸಂತೆ ಅಂದಳು,
ಮಂಜುಗಡ್ಡೆ ನಿಲ್ಲೋದಿಲ್ಲ ಅಂದಳು.
ಸಾಹೇಬರು ಬರಬೇಕು ಅಂದೆ. ಸಾಹೇಬರು ಯಾರೂ ಇರಲಿಲ್ಲ.
ಸೊಳ್ಳೆಪರದೆ ಇಳಿಸಿ ಮಲಗಿದೆ. ಐದಕ್ಕೆ ಎದ್ದರೆ
ರಸ್ತೆಗಡ್ಡ ನೀರಿನ ಗೆರೆ, ನನ್ನ ಬಿದಿರಿಗಿಂತ ನೇರ.
ಬೈಯಲಿಲ್ಲ ಅವಳು. ಒಂದೊಂದೇ ಬುಟ್ಟಿ ಕಣಿವೆಗೆ ಸುರಿದು
ಸೆರಗಿಗೆ ಕೈ ಒರಸಿ
ರಸೀದಿ ಕೊಡಿ ಅಂದಳು.'
'ತಿಳಿಯಲಿಲ್ಲ. ಉಪ್ಪು, ಮೆಣಸು, ಬಟ್ಟೆ. ಒಂದನ್ನು ಹೇಳು.'

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ
ಅಂತ ಗಾದೆ. ಗೇಟಿನಲ್ಲಿ ನಾವೇ ಅದನ್ನು ಹೇಳಿ ನಗುತ್ತಿದ್ದೆವು,
ಲಾಟೀನಿನ ಸುತ್ತ ನಾಲ್ಕು ಜನ, ಇಸ್ಪೀಟು ಕಲಸುತ್ತ.

ಹಿಂದೆ ಸಾಲು ಬೆಳೆದಿತ್ತು. ಯಾರೋ ಕೆಮ್ಮಿದರು.
ಮುನೀರ ಬಂದು, ಮೆಲ್ಲಗೆ:
ಸಾರ್, ಅದಕ್ಕೆ ಮಾತು ಅಷ್ಟಾಗಿ ತಿಳಿಯಲ್ಲ,
ಹಸಿರು ಗುಂಡಿ ಒತ್ತಿ, ಸಾಕು.
ಒತ್ತಿದೆ. ಅಡ್ಡಗೋಲು ತಾನೇ ಎದ್ದಿತು. ಚೀಟಿ ಬಂತು:
ಉಪ್ಪು, ಒಂದು ಹೇರು. ಸುಂಕ ಸಂದಿದೆ. ಹೋಗಬಹುದು.

ಮೇಲೆ ಬಿಸಿಲು. ಮೇಕೆ ಇನ್ನೂ ಅಲ್ಲೇ.
ಬಿಲ್ಲೆ ನನ್ನ ಮುಷ್ಟಿಯಲ್ಲೇ ಉಳಿದಿತ್ತು,
ಇಂಚರ ಕಿತ್ತುಕೊಂಡು ಓಡಿಹೋಗಿ ಮಡಕೆಗೆ ಹಾಕಿ ಬಂದಳು.
ಗೋಲಿಸೋಡಾ ಕುಡಿಯುತ್ತ
'ಅವನ ಹತ್ರ ಅಷ್ಟು ಹೊತ್ತು ಏನು ಹೇಳ್ತಿದ್ದೆ ಅಜ್ಜ?'
ಮೀನಿನ ಲೆಕ್ಕ, ಎಂದೆ.
'ನಿಂಗೆ ಬಂದಿದ್ದು ಉಪ್ಪಲ್ವಾ?'
ಹೌದು, ಉಪ್ಪು.
ಚೀಟಿಯನ್ನು ನಾಲ್ಕಾಗಿ ಮಡಚಿದೆ,
ಗೇಟಿನಲ್ಲಿ ಮಡಚುತ್ತಿದ್ದ ಹಾಗೆ,
ಮೊತ್ತ ಒಳಗಡೆ ಬರುವಂತೆ.