ಖಾಲಿಹೊಟ್ಟೆಯ ಹೊತ್ತು

ಬೆಳಗಿನ ಆರಕ್ಕೆ ಒಂಟಿಕೊಪ್ಪಲಿನಲ್ಲಿ
ಇನ್ನೂ ಕಾಫಿ ಕುಡಿಯದವರು
ಗೇಟಿನ ಚಿಲಕದ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಾರೆ.
ನಾನು ಹೋಗುವುದು ಅವರ ಹಸಿವಿನ ಹೊತ್ತಿಗೆ,
ಕೈಗವಸು, ಹತ್ತಿ, ಸ್ಪಿರಿಟ್ಟು, ಐಸಿಟ್ಟ ಡಬ್ಬಿ ಸಮೇತ.
ನೇರಳೆ ಮುಚ್ಚಳ, ಕೆಂಪು ಮುಚ್ಚಳ,
ಸಕ್ಕರೆಗೆ ಬೂದು.

ಹನ್ನೊಂದು ವರ್ಷ ಸರಸ್ವತಿಪುರಂ ಲ್ಯಾಬಿಗೆ
ದಿನಕ್ಕೆರಡು ಸಲ ಹೆಬ್ಬೆರಳು ಒತ್ತಿದ್ದೇನೆ.
ಈಗೀಗ ಮೆಷಿನ್ನಿಗೆ ನನ್ನ ಗುರುತು ಸಿಗುವುದಿಲ್ಲ,
ಸ್ಪಿರಿಟ್ಟಿಗೆ ಗೆರೆ ಸವೆದಿದೆ.
ಸವೆದ ಅದೇ ಬೆರಳಿಗೆ
ಚರ್ಮದಡಿ ಅವಿತ ನರ ಸಿಗುತ್ತದೆ,
ಕರೆಂಟು ಹೋದರೂ.

"ದಾಕ್ಷಾಯಿಣಿ, ನೀನೇ ಬಾರಮ್ಮ,
ಆ ಹುಡುಗನ್ನ ಕಳಿಸಬೇಡ, ಮೂರು ಕಡೆ ಚುಚ್ತಾನೆ"
ಅನ್ನುವ ಮನೆಗಳು ನಲವತ್ತೊಂದು.
ರಾತ್ರಿ ಎಣಿಸಿದೆ,
ತಪ್ಪು ಪ್ರಿಂಟಾದ ರಿಪೋರ್ಟೊಂದರ ಬೆನ್ನ ಮೇಲೆ.

ಮನೆಗೆ ನೂರೈವತ್ತು ಅಂದುಕೊಳ್ಳೋಣ.
ಸಕ್ಕರೆಯವರು ಮೂರು ತಿಂಗಳಿಗೊಮ್ಮೆ,
ಥೈರಾಯ್ಡಿನವರು ನೆನಪಾದಾಗ,
ಬಸುರಿಯರು ತವರಿಗೆ ಹೋಗಿಬಿಡುತ್ತಾರೆ.
ಕಳೆ, ಪೆಟ್ರೋಲು. ಕಳೆ, ಸೂಜಿ, ಟ್ಯೂಬು.
ಬಳಸಿದ ಸೂಜಿ ಎಸೆಯಲು ಲ್ಯಾಬಿನಲ್ಲಿ ಬಿಳಿ ಡಬ್ಬಿಯಿದೆ;
ನಮ್ಮ ಬಾಡಿಗೆ ಮನೆಯಲ್ಲಿ ಇರುವುದು
ಮಗಳ ಜಾಮಿಟ್ರಿ ಬಾಕ್ಸಿನ ಪಕ್ಕ
ಒಂದು ಗೇಣು ಜಾಗ.

ಇವರ ಕಿಡ್ನಿಯ ಕಲ್ಲು ತೆಗೆಸಿದ್ದು ಇಎಸ್ಐ ಕಾರ್ಡು.
ಅದನ್ನು ಯಾವ ಕಾಲಂನಲ್ಲಿ ಬರೆಯಲಿ?

ಲ್ಯಾಬು ಕೈ ಬದಲಾದ ಮೇಲೆ
ಬಂದ ಮ್ಯಾನೇಜರಿಗೆ ನನ್ನ ವಯಸ್ಸಿನರ್ಧ.
ಸಕ್ಕರೆ ಕೇಳಿದವರಿಗೆ ವಿಟಮಿನ್ನೂ ಸೇರಿಸಿ
ಪ್ಯಾಕೇಜು ಹೇಳಬೇಕಂತೆ,
ತಿಂಗಳಿಗೆ ಇಂತಿಷ್ಟು.
ತೋಳು ನನ್ನ ಕೈಗೆ ಕೊಟ್ಟು
ಆಚೆ ಮುಖ ತಿರುಗಿಸಿ ಕೂತವರ ಹತ್ತಿರ
ಹೇಗೆ ಮಾರುವುದು?
ಎರಡು ತಿಂಗಳು ಮಾರಲಿಲ್ಲ.
ಮೂರನೆಯ ತಿಂಗಳು, ಫೀಸು ಕಟ್ಟುವುದಿತ್ತು,
ಮಾರಿದೆ.

ಮಂಡಿ ಮೊಹಲ್ಲಾದ ಶಾಹಿದಾ ಬಿಟ್ಟು ಎರಡು ವರ್ಷವಾಯಿತು.
ಹೇಗಿದೆ ಅಂದರೆ ನಗುತ್ತಾಳೆ:
"ದಸರೆ ಹತ್ತು ದಿನ ಫೋನೇ ಇಲ್ಲ ಕಣೇ,
ರಂಜಾನಲ್ಲೂ ಅಷ್ಟೇ.
ಹಬ್ಬದಲ್ಲಿ ಯಾರಿಗೆ ಬೇಕು ಸಕ್ಕರೆ ಲೆಕ್ಕ!
ಆಮೇಲೆ ನೋಡು, ಹೋಳಿಗೆಯವರೂ ಬರ್ತಾರೆ,
ಶೀರ್‌ಕುರ್ಮದವರೂ ಬರ್ತಾರೆ."
ಅವಳ ಸ್ಕೂಟರಿನ ಸೀಟು ಹರಿದಿತ್ತು.
ಅವಳ ಮಾತಿಗೆ ಮಾತ್ರ
ಯಾರ ಅನುಮತಿಯೂ ಬೇಕಿರಲಿಲ್ಲ.

ಇವತ್ತು ಕೊನೆಯ ಮನೆ ಅಶೋಕಪುರಂ,
ರೈಲ್ವೆ ವರ್ಕ್‌ಶಾಪಿನ ಬೋರಲಿಂಗಯ್ಯ.
ಮುಟ್ಟಿದರೆ ಪಕ್ಕಕ್ಕೆ ಜಾರುವ ನರ.
ರಬ್ಬರು ಕಟ್ಟಿ, ಮುಷ್ಟಿ ಹಿಡೀರಿ ಅಂದೆ.
ಯಾಕೋ ಅವರಿಗೇ ಹೇಳಬೇಕೆನ್ನಿಸಿತು.
ಹೇಳಿದೆ, ಲೆಕ್ಕ ಸಮೇತ.

"ಮೂವತ್ತಾರು ವರ್ಷ ಸೈರನ್ನಿಗೆ ಎದ್ದೆ," ಅಂದರು,
"ಈಗಲೂ ಅದೇ ಹೊತ್ತಿಗೆ ಎಚ್ಚರ.
ಪಿಂಚಣಿ ಬರ್ತದೆ, ನಿದ್ದೆ ಬರಲ್ಲ."
ಸ್ವಲ್ಪ ತಡೆದು,
"ಸ್ವಂತದ್ದು ಅಂದ್ರೆ,
ಜ್ವರ ಬಂದ ದಿನ ಯಾರಿಗೆ ಹೇಳಿ ರಜಾ ಹಾಕ್ತೀಯವ್ವ?"

ಉತ್ತರ ಹೊಳೆಯಲಿಲ್ಲ.
ಹೊಳೆಯದೆ ಇರುವಾಗಲೇ ಬೆರಳು ತನ್ನ ಪಾಡಿಗೆ
ನರ ಹಿಡಿದಿತ್ತು,
ಕಪ್ಪುಗೆಂಪು ಟ್ಯೂಬಿಗೆ ಇಳಿಯುತ್ತಿತ್ತು
ಯಾರ ಹೆಸರಿನ ಬಿಲ್ಲು ಅಂತ ಕೇಳದೆ.

ರಬ್ಬರು ಬಿಚ್ಚಿದೆ. ಸೂಜಿ ತೆಗೆದೆ. ಹತ್ತಿ ಒತ್ತಿದೆ.
ಅವರು ಇನ್ನೂ ಹಿಡಿದೇ ಇದ್ದರು,
ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿ.

"ಆಯ್ತು ಸಾರ್," ಅಂದೆ,
"ಮುಷ್ಟಿ ಬಿಡಿ."
ಅಂದವಳ ಎಡಗೈಯೊಳಗೆ
ಮಡಿಸಿಟ್ಟ ಆ ಚೀಟಿ
ಬೆವರಿಗೆ ಒದ್ದೆಯಾಗಿತ್ತು.