ಎಲ್ಲವೂ ಅಥವಾ ಆಯ್ದವು

ಬೈತಖೋಲದ ನಮ್ಮ ಸೊಸೈಟಿಯಲ್ಲಿ
ಹನ್ನೊಂದು ವರ್ಷದ ಈಮೇಲುಗಳಿವೆ.
ಡೀಸೆಲ್ ಸಬ್ಸಿಡಿ, ಐಸ್ ಪ್ಲಾಂಟಿನ ಬಾಕಿ,
ಲೈಟು ಹಾಕಿ ಹಿಡಿಯುವ ಬೋಟುಗಳ ಮೇಲೆ ಬರೆದ ದೂರು,
ದೂರು ತಲುಪಿದೆ ಎಂಬ ಉತ್ತರ,
ಆಮೇಲೆ ಏನೂ ಇಲ್ಲ.
ಪೆಟ್ಟಿಗೆ ತುಂಬಿದೆ ಎಂದು ಪರದೆ ದಿನಾ ಹೇಳುತ್ತದೆ,
ಬಾಂಗಡೆ ಬಂದ ದಿನದ ಖುಷಿಯಲ್ಲಲ್ಲ,
ಹೇಳಿ ಹೇಳಿ ಬೇಸತ್ತ ಅತ್ತೆಯ ಹಾಗೆ.

ಕೋಡಿಬಾಗದಿಂದ ಅವಧೂತ ಕಲ್ಗುಟಕರ ಬಂದ
ಬೈಕಿನ ಸೀಟಿಗೆ ಪ್ಲಾಸ್ಟಿಕ್ ಚೀಲ ಹೊದಿಸಿ.
"ಎರಡು ದಾರಿ, ಮೇಡಂ.
ಇಲ್ಲೇ ಮಶೀನಿನೊಳಗೆ ಇಟ್ಟರೆ ಕೇಳಿದ ಕೂಡಲೇ ಸಿಗುತ್ತದೆ.
ಇಲ್ಲಾ, ನೆಟ್‌ವರ್ಕಿನಲ್ಲಿ, ದೊಡ್ಡ ಆಫೀಸಿನ ಡಬ್ಬಿಯಲ್ಲಿ.
ಇದು ಸತ್ತರೂ ಅದು ಇರುತ್ತದೆ."

ಕಪಾಟು ತೆರೆದು ಹಿಂದಿನ ಹಾರ್ಡ್ ಡಿಸ್ಕು ತೋರಿಸಿದೆ,
ಪಿನ್ನುಗಳು ಹಸಿರು ಹಿಡಿದದ್ದು.
ಇಲ್ಲಿಯ ಗಾಳಿ ಹಾಗೆ.
ಮೀನನ್ನು ತಿಂಗಳುಗಟ್ಟಲೆ ಕಾಯುವ ಉಪ್ಪೇ
ಕಬ್ಬಿಣವನ್ನು ಎರಡು ಮಳೆಗಾಲದಲ್ಲಿ ತಿಂದುಬಿಡುತ್ತದೆ.

"ಹಾಗಾದರೆ ನೆಟ್‌ವರ್ಕೇ" ಎಂದೆ.
"ಅಲ್ಲೂ ಒಂದು ತೊಂದರೆ. ಕಡತ ತೆರೆದಿರುವಾಗ
ಲೈನು ಕಡಿದರೆ ಅರ್ಧ ಬರೆದದ್ದು ಇಡಿಯದನ್ನೂ ಕೆಡಿಸುತ್ತದೆ.
ದಿನದ ಕೆಲಸ ಇಲ್ಲೇ ಮಾಡಿ.
ಶನಿವಾರ ಮುಚ್ಚಿ, ಮುಚ್ಚಿದ ಮೇಲೆ ಅಲ್ಲಿಗೊಂದು ಪ್ರತಿ."
ಎಳೆಯುವಾಗ ಹಗ್ಗ ಕಡಿದರೆ
ಮೀನಷ್ಟೇ ಅಲ್ಲ, ಬಲೆಯೂ ಹೋಗುತ್ತದೆ.
ಅಷ್ಟು ನನಗೂ ಗೊತ್ತು.

"ದೊಡ್ಡ ಆಫೀಸಿನಲ್ಲಿ ಯಾರು ಓದಬಹುದು?"
"ಪಾಸ್‌ವರ್ಡ್ ಇದ್ದವರೆಲ್ಲ."
ಅವನು ಕೇಬಲ್ ಹುಡುಕುತ್ತಿದ್ದ. ಅವನಿಗೇನೂ ಅನ್ನಿಸಲಿಲ್ಲ.

ಆರು ವರ್ಷದ ಹಿಂದೆ
ಸಂಜೆ ಐದು ಹತ್ತಕ್ಕೆ ಬಂದ ಒಂದು ಮೇಲ್:
ಗಾಳಿ ಏಳಲಿದೆ, ಬೋಟುಗಳನ್ನು ಕರೆಸಿ.
ಕೆಳಗೆ ನನ್ನ ಉತ್ತರ: ನೋಡಿದೆ, ತಿಳಿಸುತ್ತೇನೆ.
ಮರುದಿನ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ.
ನಡುವೆ ನಾನು ಬೇಗ ಬೀಗ ಹಾಕಿ
ಬಿಣಗಾದಲ್ಲಿ ಅಕ್ಕನ ಮೊಮ್ಮಗಳ ತೊಟ್ಟಿಲಿಗೆ ಹೋಗಿದ್ದೆ.

'ಸಾತೇರಿ ಪ್ರಸಾದ' ಮೂರನೆಯ ದಿನ ಮರಳಿತು.
ಏಳೂ ಜನ ಇದ್ದರು.
ಪುರ್ಸು ಹರಿಕಂತ್ರನ ಬಲಗೈ ಮಾತ್ರ
ವಿಂಚಿನ ಹಗ್ಗದೊಳಗೆ ಮುಗಿದಿತ್ತು.
ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.
ಗಾಳಿಯ ಮೇಲೆ ಹೊರಿಸುವುದು ಸುಲಭ,
ಅದು ಉತ್ತರ ಬರೆಯುವುದಿಲ್ಲ.
ಪುರ್ಸು ಈಗ ಬಂದರದ ಗೇಟಿನಲ್ಲಿ ತೂಕದ ಚೀಟಿ ಬರೆಯುತ್ತಾನೆ,
ಎಡಗೈಯಲ್ಲಿ.
ಅಕ್ಷರ ನನ್ನದಕ್ಕಿಂತ ದುಂಡಗೆ.

ಪರದೆ ಕೇಳುತ್ತಿದೆ: ಎಲ್ಲವೂ? ಆಯ್ದವು?
ಒಂದು ಸಾಲಿನ ಮುಂದಿನ ಟಿಕ್ ತೆಗೆದರೆ ಸಾಕು.
ಅದೊಂದು ಇಲ್ಲೇ ಉಳಿಯುತ್ತದೆ, ನನ್ನ ಮಶೀನಿನಲ್ಲಿ.
ಎರಡು ಮಳೆಗಾಲ.
ಉಳಿದದ್ದನ್ನು ಉಪ್ಪು ನೋಡಿಕೊಳ್ಳುತ್ತದೆ.

ಅವಧೂತ ಗಡಿಯಾರ ನೋಡಿದ.
ಬೆರಳು ಟಿಕ್ಕಿನ ಮೇಲೆ ಇತ್ತು, ಬಹಳ ಹೊತ್ತು ಇತ್ತು.
ಎಲ್ಲವೂ ಒತ್ತಿದೆ.

ನಾಲ್ಕು ತಾಸು ಎಂದಿತು, ಆಮೇಲೆ ಆರು,
ಆಮೇಲೆ ಮತ್ತೆ ನಾಲ್ಕು.
ಕರೆಂಟು ಒಮ್ಮೆ ಕಣ್ಣು ಮಿಟುಕಿಸಿತು,
ಯುಪಿಎಸ್ ಕಿರುಚಿ ಹಿಡಿದುಕೊಂಡಿತು.
ಗೇಟಿನಿಂದ ಪುರ್ಸು ಕೂಗಿದ: ಚಾ ತರಿಸಲೇನು, ಮೇಡಂ?
ಎರಡು ಎಂದೆ.
ಆಮೇಲೆ ಕಿಟಕಿಗೆ ಬಂದು, ಮೂರು ಎಂದೆ,
ನೀನೂ ಬಾ, ಕೂತುಕೋ,
ಇದಕ್ಕೆ ಹೊತ್ತು ಹಿಡಿಯುತ್ತದೆ.